ಟೀಚರಮ್ಮನ ಕನ್ನಡಕ

ನಾನು ಒಂದು ಕನ್ನಡಕ. ಊರ ಹೊರಗಿನ ಸಣ್ಣ ಕಾರ್ಖಾನೆಯಲ್ಲಿ, ಕಪ್ಪು ಪ್ಲಾಸ್ಟಿಕ್ ಹಾಳೆಯಿಂದ ನನ್ನನ್ನು ಕೊರೆದು ತೆಗೆದರು. ಅಂಚು ಉಜ್ಜಿದರು, ಕಡ್ಡಿಗಳನ್ನು ಕಾಯಿಸಿ ಕಿವಿಗೆ ಹೊಂದುವಂತೆ ಬಗ್ಗಿಸಿದರು. ಅಂಗಡಿಯಲ್ಲಿ ನನ್ನ ಜೊತೆಯವರಿಗೆಲ್ಲ ಡಾಕ್ಟರ ಚೀಟಿ ನೋಡಿ ಗಾಜು ಕೂರಿಸಿದರು. ನನಗೆ ಮಾತ್ರ ಪವರ್ ಇಲ್ಲದ ಬರೀ ಗಾಜು.

ನನ್ನನ್ನು ಕೊಂಡವರು ಟಿ.ವಿ. ಚಾನೆಲ್ಲಿನ ಮೇಕಪ್ ಮಾಡುವ ನಜೀರ್. "ಹಾಕ್ಕೊಂಡೋರು ಓದಿದೋರ ಥರ ಕಾಣಬೇಕು, ಅಷ್ಟು ಸಾಕು" ಎಂದು ಅವರು ಅಂಗಡಿಯವನಿಗೆ ಹೇಳಿದರು. ಓದಿದವರಂತೆ ಕಾಣಬೇಕಾಗಿದ್ದ ಆ ಹೆಂಗಸು ನಿಜಕ್ಕೂ ಓದಿದವರೇ ಎಂಬುದು ನನಗೆ ಆಮೇಲೆ ತಿಳಿಯಿತು.

ಅವರ ಹೆಸರು ನೀಲಾಂಬಿಕಾ ಪಟ್ಟಣಶೆಟ್ಟಿ. ಗದಗಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಹದಿನಾರು ವರ್ಷ ವಾಣಿಜ್ಯ ಕಲಿಸಿದ್ದರು. ಸಂಸಾರದ ಖರ್ಚು, ಉಳಿತಾಯಗಳ ಬಗ್ಗೆ ಸಂಜೆ ಪತ್ರಿಕೆಯೊಂದಕ್ಕೆ ಬರೆದದ್ದು ಪುಸ್ತಕವಾಗಿ, ಮನೆಮನೆಗೆ ಹೋಗಿತ್ತು. ಅದನ್ನು ನೋಡಿಯೇ ಚಾನೆಲ್ಲಿನವರು ಬೆಂಗಳೂರಿಗೆ ಕರೆಸಿಕೊಂಡಿದ್ದರು. ಮೊದಲ ದಿನ ನಜೀರ್ ನನ್ನನ್ನು ಮೂಗಿನ ಮೇಲೆ ಏರಿಸಿದಾಗ ಅವರು, ತಮ್ಮ ಕಣ್ಣುಗಳು ಚೆನ್ನಾಗಿವೆಯಲ್ಲ ಎಂದು ಅಚ್ಚರಿಪಟ್ಟರು. ಕಾರ್ಯಕ್ರಮದ ನಿರ್ಮಾಪಕ ಮುರಳೀಧರ, ಜನಕ್ಕೆ ಗದರಿಸುವ ಟೀಚರಮ್ಮ ಬೇಕು, ಕನ್ನಡಕ ಇಲ್ಲದಿದ್ದರೆ ನಿಮ್ಮದು ತೀರ ಮೆತ್ತಗಿನ ಮುಖ ಎಂದರು.

ಮೂರನೆಯ ವಾರವೋ ಏನೋ, ಅವರು ನೋಡಿ ಓದಲೆಂದು ಕ್ಯಾಮೆರಾ ಮುಂದಿಟ್ಟ ಪರದೆಯ ಮೇಲೆ ಒಂದು ಸಾಲು ಏರಿ ಬಂತು: "ಒಡವೆ ಕೊಳ್ಳುವವರು ದಡ್ಡರು." ಅದು ಅವರು ಬರೆದದ್ದಲ್ಲ. ಅವರ ಪುಸ್ತಕದಲ್ಲಿ ಒಂದೊಂದು ಮನೆಯ ಅಗತ್ಯ ಒಂದೊಂದು ಥರ ಎಂದಿತ್ತು. ಆದರೂ ಸಾಲು ಬಂದಿತ್ತು, ಗದರಿಸುವಂತೆ ಬೆರಳಾಡಿಸಿ ಓದಿಬಿಟ್ಟರು. ಆ ಮಾತು ಕಾಳ್ಗಿಚ್ಚಿನಂತೆ ಹಬ್ಬಿತು. ಮಕ್ಕಳು ಬೆರಳಾಡಿಸಿ ಅಣಕಿಸುತ್ತಿದ್ದರು. ಆಟೋಗಳ ಹಿಂದೆ ನಮ್ಮಿಬ್ಬರ ಚಿತ್ರ ಬಂತು. ಹೊಸ ಕರಾರಿನಲ್ಲಿ, ಹೊರಗೆ ಹೋಗುವಾಗಲೂ ಕನ್ನಡಕ ಹಾಕಬೇಕು, ಕಾರ್ಯಕ್ರಮದಲ್ಲಿ ಹೇಳಿದ್ದಕ್ಕೆ ವಿರುದ್ಧವಾಗಿ ನಡೆಯಬಾರದು ಎಂದು ಬರೆದು ಸಹಿ ಹಾಕಿಸಿಕೊಂಡರು.

ಅಲ್ಲಿಂದ ಏಳು ವರ್ಷ ನಾನು ಅವರ ಮುಖ ಬಿಡಲಿಲ್ಲ. ಮೂಗಿನ ಎರಡೂ ಬದಿಗೆ ಕೆಂಪು ಕಲೆ ಬಿತ್ತು. ಸಂತೆಯಲ್ಲಿ ಅವರು ಹಂಗಾಮಿನ ಮೊದಲ ದುಬಾರಿ ಮಾವಿನಹಣ್ಣಿಗೆ ಕೈ ಚಾಚಿದರೆ ಪಕ್ಕದವರು, ಟೀಚರಮ್ಮ ನೀವೂನಾ ಎಂದು ನಗುತ್ತಿದ್ದರು. ಕೈ ಹಿಂದೆ ಬರುತ್ತಿತ್ತು. ಮದುವೆ ಮನೆಯಲ್ಲಿ ಅವರು ಕೂತ ಸಾಲಿನ ಹೆಂಗಸರು ಸೆರಗೆಳೆದು ಕೊರಳು ಮುಚ್ಚಿಕೊಳ್ಳುತ್ತಿದ್ದರು. ನೋಡುಗರು ಕೇಳಿದ ಯಾವ ಪ್ರಶ್ನೆಗೂ ಗೊತ್ತಿಲ್ಲ ಎನ್ನುವಂತಿರಲಿಲ್ಲ. ಗೊತ್ತಿಲ್ಲದಾಗ ಅವರ ರೆಪ್ಪೆ ಎರಡು ಸಲ ಬಡಿಯುತ್ತಿತ್ತು. ಅದು ನನಗೊಬ್ಬನಿಗೇ ಗೊತ್ತು.

ಅವರ ತಾಯಿ ಗಂಗವ್ವ ಗದಗಿನಲ್ಲಿ ಹಿರಿಯ ಮಗನ ಮನೆಯಲ್ಲಿದ್ದರು. ಮಗಳ ಓದಿಗೆಂದು ಒಂದು ಕಾಲದಲ್ಲಿ ಕೈಯಲ್ಲಿದ್ದ ಚಿನ್ನದ ಪಾಟಲಿ ಬಳೆ ಬಿಚ್ಚಿ ಮಾರಿದವರು. ಮೊಮ್ಮಗಳ ಮದುವೆ ಗೊತ್ತಾದಾಗ ಫೋನಿನಲ್ಲಿ, ಈ ಮದುವೆಗಾದರೂ ತಮ್ಮ ಕೈಗೆ ಒಂದು ಜೊತೆ ಪಾಟಲಿ ಇಟ್ಟುಕೊಳ್ಳುವ ಆಸೆ ಎಂದರು. ಮಗಳು ಉತ್ತರಿಸುವ ಮೊದಲೇ ತಾವೇ ಹಿಂಜರಿದರು: "ಟಿವ್ಯಾಗ ಬ್ಯಾಡ ಅಂತೀಯಲ್ಲ, ಬಿಡವಾ. ನಿನಗ ಅವಮಾನ ಆಗೂದು ಬ್ಯಾಡ."

ಫೋನ್ ಇಟ್ಟ ಮೇಲೆ ನನ್ನ ಗಾಜಿನ ಒಳಬದಿ ಮಂಜಾಯಿತು. ಅವರು ಒರೆಸಲಿಲ್ಲ.

ಮರುದಿನ ಮಧ್ಯಾಹ್ನ ನನ್ನನ್ನು ಪೆಟ್ಟಿಗೆಯಲ್ಲಿ ಮುಚ್ಚಿ ಕೈಚೀಲಕ್ಕೆ ಹಾಕಿದರು. ಆ ಕತ್ತಲೆಯಲ್ಲಿ ನನಗೆ ಕೇಳಿಸಿದ್ದು ಇಷ್ಟು. ಬಾಗಿಲು ತೆರೆದ ಸದ್ದು, ಆಮೇಲೆ "ಪಾಟಲಿ ತೋರಸ್ರಿ" ಎಂಬ ಅವರ ದನಿ. ಒಡವೆ ಅಂಗಡಿಯ ಹುಡುಗಿ, ನೀವು ಟೀಚರಮ್ಮ ಅಲ್ವಾ ಎಂದಳು. ಮುಖ ಮರೆಸಿದ್ದರು, ದನಿ ಮರೆಸುವುದು ಹೇಗೆ? ಆದರೂ ಅವರು ಪಾಟಲಿ ಕೊಂಡೇ ಬಂದರು. ಸಂಜೆಯ ಹೊತ್ತಿಗೆ ಅವರು ಬಳೆ ಹಿಡಿದ ಫೋಟೋ ಎಲ್ಲರ ಮೊಬೈಲಿನಲ್ಲಿತ್ತು.

ಮುರಳೀಧರ ಕೂಗಾಡಲಿಲ್ಲ. ಒಡವೆ ಕೊಳ್ಳಬೇಡ ಎಂದು ಗೆಳತಿಗೆ ಬುದ್ಧಿ ಹೇಳಲು ಹೋಗಿದ್ದೆ ಎಂದು ನೇರ ಪ್ರಸಾರದಲ್ಲಿ ಓದಿದರೆ ಸಾಕು, ಎರಡು ದಿನದಲ್ಲಿ ಜನ ಮರೆಯುತ್ತಾರೆ ಎಂದರು. ನೀಲಾಂಬಿಕಾ ಆಗಲಿ ಎಂದು ತಲೆಯಾಡಿಸಿದರು. ಮೇಕಪ್ ಕುರ್ಚಿಯಲ್ಲಿ ಕೂತಾಗ, "ನಜೀರಣ್ಣ, ನಿಮ್ಮ ತಾಯಿಗೆ ನೀವೇನರ ಕೊಡಿಸೀರೇನು?" ಎಂದು ಕೇಳಿದರು.

"ಒಂದ್ಸಲ ಕೈಗಡಿಯಾರ ಕೊಡಿಸಿದ್ದೆ, ಮೇಡಂ. ಅಮ್ಮೀಗೆ ಟೈಮ್ ನೋಡೋಕೆ ಬರ್ತಿರಲಿಲ್ಲ. ಆದ್ರೂ ಬಿಚ್ಚಲಿಲ್ಲ" ಎಂದು ನಜೀರ್ ನನ್ನನ್ನು ಅವರ ಮೂಗಿನ ಮೇಲೆ ಕೂರಿಸಿದರು.

ದೀಪಗಳು ಹೊತ್ತಿದವು. ಅಕ್ಷರಗಳು ಏರಿದವು. "ನಿನ್ನೆ ನನ್ನ ಗೆಳತಿಯೊಬ್ಬಳ ಜೊತೆ" ಎಂದು ಓದಿ ಅವರು ನಿಂತರು. ನನ್ನನ್ನು ತೆಗೆದು ಮೇಜಿನ ಮೇಲಿಟ್ಟರು.

"ಗೆಳತಿ ಯಾರೂ ಇಲ್ಲ. ಪಾಟಲಿ ನಮ್ಮವ್ವಗ ತಗೊಂಡಿದ್ದು. ಲಾಭ ಬರ್ತದ ಅಂತ ಅಲ್ಲ, ಆಕಿ ಕೈ ಬರಿದಾಗಿದ್ದುವು, ಅದಕ್ಕ. ದಡ್ಡರು ಅನ್ನೋ ಮಾತು ನಾ ಬರದಿದ್ದಲ್ಲ. ಆದ್ರ ಓದಿದಾಕಿ ನಾನ. ತಪ್ಪಾತು."

ಅಷ್ಟರಲ್ಲಿ ಜಾಹೀರಾತು ಹಾಕಿಬಿಟ್ಟರು. ಅವರು ಮೈಕಿನ ತಂತಿ ಬಿಚ್ಚಿಟ್ಟು ಎದ್ದು ಹೋದರು. ಕರಾರಿನ ಪ್ರಕಾರ ಮೂರು ವರ್ಷ ಬೇರೆ ಯಾವ ಚಾನೆಲ್ಲಿನಲ್ಲೂ ಕಾಣಿಸುವಂತಿರಲಿಲ್ಲ. ಟೀಚರಮ್ಮ ಎಂಬ ಹೆಸರೂ ಕನ್ನಡಕವೂ ಚಾನೆಲ್ಲಿನ ಸ್ವತ್ತು. ಅವರು ಎರಡನ್ನೂ ಬಿಟ್ಟು ಗದಗಿಗೆ ಹೊರಟರು.

ನಾನು ಹೊಸ ಟೀಚರಮ್ಮನ ಮುಖವೇರಿದೆ. ವರ್ಷಿಣಿ ಎಂಬ ಚಿಕ್ಕ ವಯಸ್ಸಿನವಳು. ಅವಳ ಮೂಗು ಸಣ್ಣದು, ನಾನು ಜಾರುತ್ತಿದ್ದೆ. ಕಡ್ಡಿಗೆ ಅಂಟುಪಟ್ಟಿ ಸುತ್ತಿ ಬಿಗಿ ಮಾಡಿದರು. ಅವಳ ರೆಪ್ಪೆಯೂ ಎರಡು ಸಲ ಬಡಿಯತೊಡಗಿತು.

ಒಮ್ಮೆ ನಜೀರ್ ಸಂಬಂಧಿಕರ ಮದುವೆಗೆಂದು ಗದಗಿಗೆ ಹೋಗಿ ಬಂದರು. ಅವಳಿಗೆ ಪೌಡರ್ ಹಚ್ಚುತ್ತ ಅಲ್ಲಿಯ ಸುದ್ದಿ ಹೇಳಿದರು. ಗಂಗವ್ವ ಅಡುಗೆಮನೆಯಲ್ಲೂ ಪಾಟಲಿ ತೆಗೆಯುವುದಿಲ್ಲವಂತೆ. ನೀಲಾಂಬಿಕಾ ಸಹಕಾರಿ ಸಂಘದ ಮಾಳಿಗೆಯ ಮೇಲೆ ವಾರಕ್ಕೆರಡು ದಿನ ಹೆಂಗಸರಿಗೆ ಪಾಠ ಹೇಳುತ್ತಾರೆ, ತಾವು ಹೋದ ದಿನ ಬಂದವರು ಇಪ್ಪತ್ತು ಜನವೂ ಇರಲಿಲ್ಲ. ಒಬ್ಬಾಕೆ ವಿಮೆಯ ಬಗ್ಗೆ ಏನೋ ಕೇಳಿದಳು.

"'ನನಗ ಗೊತ್ತಿಲ್ಲವಾ, ನೋಡಿ ಹೇಳ್ತೀನಿ' ಅಂದ್ರು ಮೇಡಂ. ಅಂದು ನಕ್ಕರು" ಎಂದರು ನಜೀರ್.

ವರ್ಷಿಣಿ ಕನ್ನಡಿಯಲ್ಲೇ ಅವರ ಮುಖ ನೋಡಿದಳು. "ಹಾಗೆ ಹೇಳಬಹುದಾ?" ಎಂದಳು. ಹೊರಗಿನಿಂದ ಯಾರೋ ಕರೆದರು. ಕೈ ಚಾಚಿ ನನ್ನನ್ನು ತೆಗೆದುಕೊಂಡು ಹಾಕಿಕೊಂಡಳು.

ಆ ಕಾರ್ಯಕ್ರಮವೂ ನಿಂತು ಬಹಳ ದಿನವಾಯಿತು. ವರ್ಷಿಣಿ ಎಲ್ಲಿಗೆ ಹೋದಳೋ ತಿಳಿಯದು. ಈಗ ನಾನು ಮೇಕಪ್ ಕೋಣೆಯ ಮೇಜಿನ ಡ್ರಾಯರಿನಲ್ಲಿದ್ದೇನೆ. ಒಂದು ಕಡ್ಡಿ ಸಡಿಲವಾಗಿದೆ. ಜೊತೆಗೆ ಅಂಟಿಸುವ ಮೀಸೆಗಳು, ಒಂದು ಸವರಿ ಕೂದಲು, ಹಲ್ಲು ಮುರಿದ ಬಾಚಣಿಗೆ. ಇಷ್ಟು ವರ್ಷದಲ್ಲಿ ನನ್ನಿಂದ ಯಾರಿಗೂ ಏನೂ ಹೆಚ್ಚು ಕಾಣಲಿಲ್ಲ. ಒಬ್ಬರು ಮಾತ್ರ ನನ್ನನ್ನು ತೆಗೆದಿಟ್ಟು ಎದ್ದು ಹೋದರು. ಅವರಿಗೆ ಕೈಗಳಿದ್ದವು. ನನ್ನ ಈ ಡ್ರಾಯರಿಗೆ ಹಿಡಿಕೆ ಇರುವುದು ಹೊರಗಡೆ.