ತಟ್ಟೆಯಲ್ಲಿ ಉಳಿದ ಮದ್ದು

ಹಿಟ್ಟು ನಾದಿ ಮುಚ್ಚಿಟ್ಟು, ಅದು ಉಬ್ಬುವಷ್ಟರಲ್ಲಿ ಹಿಂದಿನ ಕೋಣೆ ಗುಡಿಸಿಬಿಡೋಣ ಎಂದು ಹೋದೆ. ಕೆಸರು ಬೂಟುಗಳು, ಬಟ್ಟೆ ಒಗೆಯುವ ಯಂತ್ರ, ಕಿಟಕಿಯ ಕೆಳಗೆ ಮಾವನ ತೋಟಾ ತುಂಬುವ ಮೇಜು, ಎಲ್ಲ ಅಲ್ಲೇ. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೊಳವೆಯನ್ನು ನಮ್ಮ ಮೊಂಟಾನಾ ಕಣಿವೆಯಲ್ಲಿ ಯಾರೂ ಬಿಸಾಡುವುದಿಲ್ಲ. ತೊಳೆದು, ತಳಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತಿ ಮತ್ತೆ ತೋಟಾ ಮಾಡಿಕೊಳ್ಳುತ್ತೇವೆ.

ಪುಟ್ಟ ತಕ್ಕಡಿಗೆ ಗಾಳಿ ತಾಗದಂತೆ ಮಾವ ಅದರ ಮೇಲೊಂದು ಬಟ್ಟಲು ಕವುಚಿಡುತ್ತಾರೆ. ದೂಳು ಒರೆಸಲೆಂದು ಅದನ್ನೆತ್ತಿದೆ. ತಟ್ಟೆಯಲ್ಲಿ ಮದ್ದಿತ್ತು. ಚೆಲ್ಲಿ ಉಳಿದ ಚೂರಲ್ಲ. ಸರಿಯಾಗಿ ಒಂದು ತೋಟಾಕ್ಕೆ ಬೇಕಾಗುವಷ್ಟು, ಮುಳ್ಳು ಗೆರೆಯ ಮೇಲೆ ನಿಂತಿತ್ತು.

ಬಟ್ಟಲು ಕೈಯಲ್ಲಿ ಹಿಡಿದುಕೊಂಡೇ ನಿಂತೆ.

ನಿನ್ನೆ ಸಂಜೆ ಮದ್ದು ತುಂಬುತ್ತಿದ್ದವಳು ನನ್ನ ಮಗಳು ಸಿಗ್ನಿ. ಹದಿನಾಲ್ಕು ತುಂಬಿದೆ. ಅವಳಿಗೆ ಇದು ಸ್ವಂತ ರೈಫಲಿನ ಮೊದಲ ಬೇಟೆಗಾಲ. ಮಾವನ ಮೇಜಿನಲ್ಲಿ ಒಂದು ಕಟ್ಟಳೆಯಿದೆ: ಖಾಲಿ ಕೊಳವೆಗಳು ಮರದ ಹಲಗೆಯ ಗುಳಿಗಳಲ್ಲಿ ಬಾಯಿ ಕೆಳಗಾಗಿ ನಿಂತಿರಬೇಕು. ಬಾಯಿ ಮೇಲಾಗಿದ್ದರೆ ಮದ್ದು ತುಂಬಿದೆ ಎಂದು ಅರ್ಥ. ಸಿಗ್ನಿ ಕೊನೆಯ ಕೊಳವೆಗೆ ಮದ್ದು ತೂಗುತ್ತಿದ್ದಾಗ ನಾನು ಊಟಕ್ಕೆ ಕರೆದೆ. ಕೊಳವೆಯನ್ನು ಬಾಯಿ ಮೇಲಾಗಿ ತಿರುಗಿಸಿ ಇಟ್ಟಿದ್ದಿರಬೇಕು, ಸುರಿಯುವ ಮುಂಚೆ ಬಟ್ಟಲು ಮುಚ್ಚಿ ಓಡಿಬಂದಿರಬೇಕು. ಊಟವಾದ ಮೇಲೆ, ಬೆಳಗ್ಗೆ ಬೇಗ ಏಳಬೇಕೆಂದು ಮಲಗಿಬಿಟ್ಟಳು. ಉಳಿದದ್ದನ್ನು ಮುಗಿಸಿದವರು ಮಾವ. ಹಲಗೆ ನೋಡಿದ್ದಾರೆ, ಎಲ್ಲ ಬಾಯಿಗಳೂ ಮೇಲೆ. ಎಲ್ಲಕ್ಕೂ ಗುಂಡು ಒತ್ತಿದ್ದಾರೆ.

ಒತ್ತುವ ಮುಂಚೆ ಟಾರ್ಚಿನ ಬೆಳಕು ಬಿಟ್ಟು ಒಂದೊಂದರ ಒಳಗೂ ಇಣುಕುವುದು ಅವರದೇ ಪದ್ಧತಿ. ಆದರೆ ನಿನ್ನೆ ಪಾತ್ರೆ ತೊಳೆಯುತ್ತ ನಾನು ಕೇಳಿಸಿಕೊಂಡದ್ದು ಗುಂಡು ಒತ್ತುವ ಯಂತ್ರದ ಹಿಡಿಕೆ ಇಳಿಯುವ ಕಟಕ್ ಕಟಕ್ ಸದ್ದು ಮಾತ್ರ, ನಡುವೆ ಬಿಡುವೇ ಇರಲಿಲ್ಲ. ಇತ್ತೀಚೆಗೆ ಅವರ ಕಣ್ಣಿಗೆ ಪೊರೆ ಬಂದಿದೆ. ಆ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಕಿವಿಯಂತೂ ಮೊದಲಿಂದಲೂ ಮಂದ.

ಮದ್ದಿಲ್ಲದ ತೋಟಾ ಹಾರುವುದಿಲ್ಲ, ಸುಮ್ಮನೂ ಇರುವುದಿಲ್ಲ. ಕೇಪಿನ ಬಲಕ್ಕೇ ಗುಂಡು ನಳಿಗೆಯೊಳಗೆ ಸ್ವಲ್ಪ ದೂರ ಹೋಗಿ ಸಿಕ್ಕಿಕೊಳ್ಳುತ್ತದೆ. ಹಾರಿಸಿದವರಿಗೆ ಟುಸ್ಸೆಂದು ಕೇಳುತ್ತದೆ, ಅಷ್ಟೆ. ಕೆಟ್ಟ ತೋಟಾ ಎಂದುಕೊಂಡು ಇನ್ನೊಂದು ಹಾಕಿ ಕುದುರೆ ಎಳೆದರೆ ಆ ಎರಡನೆಯದಕ್ಕೆ ದಾರಿಯಿಲ್ಲ. ಕೋವಿ ಮುಖದ ಹತ್ತಿರವೇ ಸಿಡಿಯುತ್ತದೆ. ನಮ್ಮ ಪೆಟ್ರೋಲು ಬಂಕಿನ ಗಸ್ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡಿರುತ್ತಾನೆ. ಯಾಕೆಂದು ಇಲ್ಲಿ ಮಕ್ಕಳೂ ಕೇಳುವುದಿಲ್ಲ.

ಸಿಗ್ನಿ ಕೆಲವು ತೋಟಾ ಜೇಬಿಗೆ ಹಾಕಿಕೊಂಡು ಬೆಳಗಿನ ಜಾವವೇ ಮಾವನ ಜೊತೆ ಬೇಟೆಗೆ ಹೋಗಿದ್ದಳು, ಉಳಿದವು ಡಬ್ಬಿಯಲ್ಲಿದ್ದವು. ಹಿಟ್ಟು ತೂಗುವ ತಕ್ಕಡಿಯ ಮೇಲೆ ಅವನ್ನು ಒಂದೊಂದಾಗಿ ಇಟ್ಟೆ. ಮದ್ದಿಲ್ಲದ್ದು ಹಗುರವಿರಲೇಬೇಕು. ಮೊದಲನೆಯದು ಸರಿಯಿತ್ತು. ಎರಡನೆಯದೂ ಸರಿ. ಎಂದೂ ಇಲ್ಲದವಳು ಅವತ್ತು ಕೆಟ್ಟದ್ದು ಸಿಗಲಿ ಎಂದು ದೇವರನ್ನು ಬೇಡಿಕೊಂಡೆ. ಸರಿಯಾದದ್ದು ಒಂದೊಂದು ಸಿಕ್ಕಿದಾಗಲೂ ಆ ಹಗುರವಾದದ್ದು ನನ್ನ ಮಗಳ ಕಡೆಗೆ ಇನ್ನಷ್ಟು ಸರಿಯುತ್ತಿತ್ತು. ಡಬ್ಬಿ ಮುಗಿಯಿತು. ಎಲ್ಲವೂ ಒಂದೇ ತೂಕ.

ಮೇಲಿನ ದಿಬ್ಬದಲ್ಲಿ ಫೋನು ಹತ್ತುವುದಿಲ್ಲ. ಗಂಡ ಕರುಗಳನ್ನು ಸಂತೆಗೆ ಸಾಗಿಸಲು ಬಿಲ್ಲಿಂಗ್ಸಿಗೆ ಹೋಗಿದ್ದರು. ಹಿಟ್ಟು ಮೆತ್ತಿದ ಕೈಯಲ್ಲೇ ಹಳೇ ಟ್ರಕ್ಕಿನ ಕೀಲಿ ತಿರುಗಿಸಿದೆ.

ಅಂಗಳ ದಾಟುವಾಗ ಹೊಳೆಯಿತು: ನಾನು ಅವರನ್ನು ಮುಟ್ಟುವುದು ತಡವಾಗಬಹುದು, ನನ್ನ ಸದ್ದು ಬೇಗ ಮುಟ್ಟುತ್ತದೆ. ಹೊಡೆಯಲು ಎಲ್ಕ್ ಜಿಂಕೆಯೇ ಇಲ್ಲದಿದ್ದರೆ ಕೋವಿ ಎತ್ತುವವರು ಯಾರು? ಹಾರನ್ನಿನ ಮೇಲೆ ಕೈ ಒತ್ತಿದೆ, ತೆಗೆಯಲಿಲ್ಲ. ಬೇಟೆಗಾಲದ ಬೆಳಗ್ಗೆ ಈ ಕಣಿವೆಯಲ್ಲಿ ಜನ ಕೆಮ್ಮುವುದಕ್ಕೂ ಅಂಜುತ್ತಾರೆ.

ಬೇಲಿಯ ಗೇಟಿನ ಹತ್ತಿರ ಪಕ್ಕದ ಜಮೀನಿನ ಲೆಸ್ಟರ್ ದಾರಿಗೆ ಅಡ್ಡ ಬಂದ. ಮುಖ ಅವನ ಕಿತ್ತಳೆ ಅಂಗಿಗಿಂತ ಕೆಂಪಾಗಿತ್ತು.

"ವರ್ನಾ, ತಲೆ ನೆಟ್ಟಗಿದ್ಯೇನಮ್ಮ ನಿಂಗೆ? ಬೆಳಗಾಗೋಕ್ ಮುಂಚಿಂದ ಹಿಮದಲ್ಲಿ ಕೂತು ಬೆನ್ನೆಲ್ಲ ಮರಗಟ್ಟಿದೆ. ಮದುವೆ ದಿಬ್ಬಣ ಬಂದಂಗೆ ಊದ್ಕೊಂಡ್ ಬರ್ತಿದೀಯಲ್ಲ."

"ಸಿಗ್ನಿ ಎಲ್ಲಿದಾಳೆ, ನೋಡಿದ್ಯಾ?"

"ನಿಮ್ಮಾವನ ಜೊತೆ ಆ ಪೈನ್ ಮರದ ಕಡೆ ಏರಿದ್ಲು. ಮೊದ್ಲು ಅದನ್ನ ನಿಲ್ಸು. ಈ ದಿಬ್ಬದಲ್ಲಿ ಒಂದು ಎಲ್ಕೂ ಉಳಿಯಲ್ಲ."

"ಉಳೀಬಾರ್ದು ಲೆಸ್ಟರ್. ಗೇಟ್ ತೆಗಿ."

ನನ್ನ ಮುಖದಲ್ಲಿ ಏನು ಕಂಡನೋ, ಗೇಟು ತೆಗೆದ.

ಏರಿನ ಅರ್ಧದಲ್ಲಿ ಮೇಲೆಲ್ಲೋ ಗುಂಡಿನ ಈಡೊಂದು ಕೇಳಿತು. ಗುಡ್ಡದಿಂದ ಗುಡ್ಡಕ್ಕೆ ಬಡಿದು ಮರಳಿ ಬಂತು. ಅದು ಯಾರದು, ಸರಿಯಾದ ಈಡೋ, ಸಿಡಿದ ಕೋವಿಯೋ, ತಿಳಿಯುವ ಬಗೆಯಿರಲಿಲ್ಲ. ಪೆಡಲನ್ನು ಇನ್ನೂ ಒತ್ತಿದೆ. ಹೆತ್ತಾಗ ಅವಳ ರೆಪ್ಪೆಗಳು ಎಷ್ಟು ತೆಳ್ಳಗಿದ್ದವೆಂದರೆ ಒಳಗಿನ ನರಗಳು ಕಾಣುತ್ತಿದ್ದವು. ಅದೇ ಕಣ್ಣ ಮುಂದೆ ಬರುತ್ತಿತ್ತು. ಹಾರನ್ ಬಿಡಲಿಲ್ಲ.

ಪೈನ್ ಮರಗಳ ನಡುವಿನಿಂದ ಒಂದು ಕಿತ್ತಳೆ ಅಂಗಿ ಇಳಿದುಬಂತು. ಮಾವ. ಒಬ್ಬರೇ.

ಟ್ರಕ್ಕಿನಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಅವರ ಕಡೆಗೆ ಓಡಿದೆ. ಅಷ್ಟರಲ್ಲಿ ಅವರ ಹಿಂದೆ ಇನ್ನೊಂದು ಕಿತ್ತಳೆ ಬಣ್ಣ, ಸಿಗ್ನಿ, ಕೈಯಲ್ಲಿ ಕೋವಿ, ಮುಖ ಇಡಿಯಾಗಿ.

"ಏನ್ ಮಾಡ್ದೆ ಗೊತ್ತಾ ನೀನು?" ಮಾವ ದೂರದಿಂದಲೇ ಶುರುಮಾಡಿದರು. "ಕೊಟ್ಟಿಗೆ ಬಾಗಿಲಷ್ಟು ದೊಡ್ಡ ಎಲ್ಕು. ಹುಡುಗಿ ಎದುರಿಗೇ ಅಡ್ಡ ನಿಂತಿತ್ತು."

"ಆ ಈಡು ಯಾರದು ಮಾವ?" ಗಟ್ಟಿಯಾಗಿ ಕೇಳಿದೆ.

"ಆ ಕಡೆ ದಿಬ್ಬದವ್ರದು. ಇವಳದು ಹಾರಲೇ ಇಲ್ಲ. ಕೇಪು ತಂಡಿ ಹಿಡಿದಿತ್ತೋ ಏನೋ. ಬೋಲ್ಟ್ ಎಳಿ, ಇನ್ನೊಂದು ಹಾಕು ಅಂದೆ. ಹಾಕಿದ್ಲು, ಗುರಿ ಹಿಡಿದ್ಲು, ಅಷ್ಟರಲ್ಲಿ ಶುರುವಾಯ್ತು ನಿನ್ನ ಊಳು. ಎಲ್ಕು ಎತ್ಲಾಗ್ ಹೋಯ್ತೋ."

"ಸಿಗ್ನಿ, ಏನೂ ಸದ್ದು ಬರ್ಲಿಲ್ವಾ?"

"ಟುಸ್ ಅಂತಮ್ಮ. ಸೀಸೆ ಬಿರಡೆ ತೆಗ್ದಂಗೆ. ಅಜ್ಜಂಗೆ ಹೇಳೋಕ್ ಹೋದೆ, ಸುಮ್ನಿರು ಹೊಡಿ ಅಂದ್ರು."

"ಎರಡನೇ ತೋಟಾ ಎಲ್ಲಿ?"

ಅವಳು ಕೋವಿಯನ್ನು ನೋಡಿದಳು. "ಒಳಗೇ ಇದೆ. ಲಾಕ್ ಹಾಕಿದೀನಿ."

"ಮೂತಿ ಆ ಕಡೆ ತಿರುಗಿಸು ಮಗಳೇ. ಬೆರಳು ದೂರ ಇಟ್ಕೋ. ನಿಧಾನಕ್ಕೆ ಬೋಲ್ಟ್ ಎಳಿ."

ತೋಟಾ ಹಿಮದ ಮೇಲೆ ಬಿತ್ತು. ಕೋವಿಯ ಹಿಂಬಾಯಿ ಮುಚ್ಚುವ ಆ ಬೋಲ್ಟನ್ನು ಅವಳು ಪೂರ್ತಿ ಹೊರಗೆಳೆಯುವವರೆಗೂ ಕಾದೆ. ಆಮೇಲೆ ಮಾವನಿಗೆ ತಟ್ಟೆಯ ಮಾತು ಹೇಳಿದೆ. ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಅವರ ಕೈ ತಾನಾಗಿ ಕೋವಿಯ ಕಡೆಗೆ ಬಂತು. ಹಿಂದಿನ ಬಾಯಿಗೆ ಕಣ್ಣಿಟ್ಟು ಬಿಳಿ ಆಕಾಶದ ಕಡೆಗೆ ನಳಿಗೆ ಹಿಡಿದರು. ಬಹಳ ಹೊತ್ತು ಹಿಡಿದಿದ್ದರು.

"ಬೆಳಕೇ ಬರ್ತಿಲ್ವೋ, ನಂಗೇ ಕಾಣ್ತಿಲ್ವೋ" ಎಂದರು. "ನೀನ್ ನೋಡಮ್ಮ."

ನೋಡಿದೆ. ನಳಿಗೆಯೊಳಗೆ ಕತ್ತಲೆ. ಆ ತುದಿಯ ಆಕಾಶ ಕಾಣಲಿಲ್ಲ.

"ಬರ್ತಿಲ್ಲ ಮಾವ."

ಅವರು ಬಿದ್ದ ಮರದ ದಿಮ್ಮಿಯ ಮೇಲೆ ಕುಳಿತರು. ಅಷ್ಟರಲ್ಲಿ ಏದುಸಿರು ಬಿಡುತ್ತ ಲೆಸ್ಟರ್ ಬಂದ. ದಾರಿಯುದ್ದಕ್ಕೂ ಕೂಡಿಸಿಕೊಂಡ ಬೈಗುಳ ನಾಲಗೆ ತುದಿಯಲ್ಲಿತ್ತು. "ಎಮಿಲಣ್ಣ, ನಿಮ್ಮ ಸೊಸೆಗೆ ಸ್ವಲ್ಪ..."

"ನಂಗೆ ಬೈಯಿ ಲೆಸ್ಟರ್" ಎಂದರು ಮಾವ. "ಮದ್ದಿಲ್ದೆ ಗುಂಡು ಒತ್ತಿದೋನು ನಾನು. ಇನ್ನೊಂದು ಹೊಡಿ ಅಂದೋನೂ ನಾನೇ."

ಲೆಸ್ಟರ್ ಕೋವಿ ನೋಡಿದ, ಹುಡುಗಿಯನ್ನು ನೋಡಿದ, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಸಿಗ್ನಿಗೆ ಆಗ ಅರ್ಥವಾಯಿತು. ಬಲಗೈ ಮುಂದೆ ಹಿಡಿದು ತೋರುಬೆರಳನ್ನೇ ನೋಡುತ್ತಿದ್ದಳು. "ಕುದುರೆ ಅರ್ಧ ಎಳೆದಿದ್ದೆ ಅಮ್ಮ" ಎಂದಳು ಸಣ್ಣಗೆ.

ಅವಳ ಕುತ್ತಿಗೆಯ ಗುಂಡಿ ಬಿಚ್ಚಿಕೊಂಡಿತ್ತು, ಹಾಕೋಣವೆಂದು ಕೈಹಾಕಿದೆ. ನನ್ನ ಬೆರಳುಗಳಿಗೆ ಅದು ಆಗಲಿಲ್ಲ. ಕೊನೆಗೆ ಅವಳೇ ನನ್ನ ಕೈ ಸರಿಸಿ ಹಾಕಿಕೊಂಡಳು.