ಒಳಗಿಲ್ಲದ ಕೈ

“ಗ್ಲೌಸ್ ಭುಜದವರೆಗೂ ಎಳ್ಕೊ ಮೋಕ್ಷಾ. ಅರ್ಬಾಬ್ ಬರೋ ಹೊತ್ತಾಯ್ತು,” ಎಂದ ಡಾಕ್ಟರ್ ನಾಗಾರ್ಜುನ. ಹೇಳುವಾಗ ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದುಕೊಂಡಿದ್ದ. ಒಂಟೆಗಳ ಹಿಂಬದಿಯಿಂದ ಕೈ ತೂರಿಸಿ ಅಲ್ಟ್ರಾಸೌಂಡ್‌ನಲ್ಲಿ ಗರ್ಭ ನೋಡೀ ನೋಡೀ ಅವನ ಭುಜ ಮರಗಟ್ಟಿ ಹೋಗಿತ್ತು. ಈಗ ಅಂಗಿಯ ಗುಂಡಿ ಹಾಕಿಕೊಳ್ಳಲೂ ಒದ್ದಾಡುತ್ತಾನಂತೆ. ಕೇಳಿದಾಗ ಮೋಕ್ಷಾಳಿಗೆ ಪಾಪ ಎನಿಸಿರಲಿಲ್ಲ. ದೇವರು ಕಣ್ಣು ಬಿಟ್ಟ ಎನಿಸಿತ್ತು.

ಎದುರಿಗೆ ಅವನು ‘ಸಾರ್’, ಮನಸ್ಸಿನೊಳಗೆ ಬರೀ ‘ಅವನು’. ಹೋದ ಚಳಿಗಾಲದವರೆಗೆ ಹಾಗಿರಲಿಲ್ಲ. ಅರಬ್ ನಾಡಿನಲ್ಲಿ, ಮುಐದರ್ ಊರು ದಾಟಿ ಟಾರು ರಸ್ತೆ ಮುಗಿಯುವಲ್ಲಿರುವ ಈ ಒಂಟೆ ತಳಿ ಕೇಂದ್ರಕ್ಕೆ, ಬಂಟ್ವಾಳದ ಕಡೆಯ ಈ ಪಶುವೈದ್ಯೆಯನ್ನು ಕರೆತಂದದ್ದೇ ಮೈಸೂರಿನ ಈ ನಾಗಾರ್ಜುನ. ಆಮೇಲೆ ರೀಮ್ ಸತ್ತಿತು. ರೀಮ್ ಎಂದರೆ ಅರ್ಬಾಬ್‌ನ, ಅಂದರೆ ಕೇಂದ್ರದ ಅರಬ್ಬಿ ಮಾಲೀಕನ, ಕಣ್ಮಣಿಯಂಥ ಹೆಣ್ಣೊಂಟೆ. ಪರೀಕ್ಷೆಯ ನಡುವೆ ಅದು ತಿಣುಕುತ್ತಿದ್ದಾಗ ನಾಗಾರ್ಜುನ ತಾಳ್ಮೆಗೆಟ್ಟು ಕೈ ನುಗ್ಗಿಸಿದ, ಒಳಗೆ ಕರುಳು ಹರಿಯಿತು. ಮಾಲೀಕ ಬಂದು ಕೇಳಿದಾಗ ಅವನು ಮೋಕ್ಷಾಳತ್ತ ತೋರಿಸಿ, “ಹೊಸಬಳು, ಕೈ ಒರಟು” ಎಂದುಬಿಟ್ಟ. ಒಂಟೆ ನೋಡಿಕೊಳ್ಳುವ ಪಕೀರಬ್ಬ ಅದನ್ನು ಇದ್ದ ಹಾಗೆಯೇ ಅರಬ್ಬಿಗೆ ತಿರುಗಿಸಿದರು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅರ್ಬಾಬ್. ನಂಬಿದ.

ಅಂದಿನಿಂದ ಅವಳು ಒಂಟೆ ಮುಟ್ಟಲಿಲ್ಲ. ಲ್ಯಾಬಿನಲ್ಲಿ ಗಾಜಿನ ತಟ್ಟೆ ತೊಳೆದಳು. ನಾಗಾರ್ಜುನ ಕೈ ಚಾಚಿದಾಗ ಅವನ ಗ್ಲೌಸಿಗೆ ಜೆಲ್ ಹಿಂಡಿದಳು. ಬೇರೆ ಕಡೆ ಕೆಲಸ ಕೇಳಲು ಹೋದರೆ ‘ಕೈ ಕೆಟ್ಟ ಡಾಕ್ಟರಮ್ಮ’ ಎಂಬ ಹೆಸರು ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿರುತ್ತಿತ್ತು. ಪಶುವೈದ್ಯೆಗೆ ಕೈಯ ಹೆಸರು ಹೋದ ಮೇಲೆ ಇನ್ನೇನು ಉಳಿಯಿತು?

ಈಗ ಅವನ ಭುಜ ಕೈಕೊಟ್ಟಿದ್ದರಿಂದ ಅವಳನ್ನೇ ಕರೆಯಬೇಕಾಯಿತು. “ಕೈ ಅವಳದಾದರೇನು, ಕಣ್ಣು ನನ್ನದು” ಎಂದು ಅವನು ಅರ್ಬಾಬ್‌ಗೆ ಧೈರ್ಯ ಹೇಳಿದ್ದ. ಒಳಗೆ ಯಾರ ಕೈಯೋ ಫಲಿತಾಂಶ ಕೂಗುವುದೂ ಅವರೇ ಎಂಬುದು ಅಲ್ಲಿನ ರೂಢಿ. ಅದನ್ನೂ ಅವನು ಬದಲಾಯಿಸಿದ. ಅವಳು ಬಾಯಿ ಬಿಡುವಂತಿಲ್ಲ.

ಅರ್ಬಾಬ್ ಬಂದು ಕುರ್ಚಿಯಲ್ಲಿ ಕುಳಿತ. ಮೊದಲ ಒಂಟೆಯನ್ನು ಕಾಲು ಕಟ್ಟಿ ಮಲಗಿಸಿದರು. ಮೋಕ್ಷಾ ಮಂಡಿಯೂರಿ, ಸ್ಕ್ಯಾನರಿನ ಪ್ರೋಬ್ ಹಿಡಿದ ಕೈಯನ್ನು ನಿಧಾನವಾಗಿ ಇಳಿಸಿದಳು. ಸ್ಕ್ರೀನಿನ ಕಪ್ಪಿನಲ್ಲಿ ಚಿಕ್ಕದೊಂದು ಬಿಳಿ ಚುಕ್ಕೆ ಪಟಪಟ ಮಿಡಿಯಿತು. “ಗಲ್ಬ್, ಗಲ್ಬ್,” ಎಂದು ಅರ್ಬಾಬ್ ಹಿಗ್ಗಿದ. ಹೃದಯ ಮಿಡಿಯುವುದನ್ನು ನೋಡುವುದಕ್ಕೆಂದೇ ಅವನು ಬರುತ್ತಿದ್ದುದು. ಪಕೀರಬ್ಬ ಒಂಟೆಯ ಕತ್ತಿಗೆ ಹಸಿರು ಬಣ್ಣ ಬಳಿದರು. ಬಸಿರಾದರೆ ಹಸಿರು, ಖಾಲಿಯಾದರೆ ಕೆಂಪು. ಕೈ ತೆಗೆಯುವ ಮುನ್ನ ಮೋಕ್ಷಾ ಮಂಡಿಯ ಬಳಿಯ ಪೆಡಲ್ ಒತ್ತಿದಳು. ಚಿತ್ರ ಅಲ್ಲಿಗೇ ನಿಂತಿತು.

ಎರಡನೆಯದು ರೀಮ್‌ನ ಮಗಳು. ನಾಗಾರ್ಜುನ ಅರ್ಬಾಬ್‌ನ ಪಕ್ಕದಲ್ಲಿ ನಿಂತು ನಗುತ್ತಾ ಮಾತಾಡುತ್ತಿದ್ದ. ಮೋಕ್ಷಾ ಹೊಸ ಗ್ಲೌಸ್ ಹಾಕಿ ಒಂಟೆಯ ಹಿಂದೆ ಬಾಗಿದಳು. ಪ್ರೋಬನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಳು.

ಅವನು ಸ್ಕ್ರೀನಿನತ್ತ ಅರೆಗಣ್ಣು ಹಾಯಿಸಿದ. “ಪ್ರೆಗ್ನೆಂಟ್. ನೋಡಿ, ಮರಿ ಎಷ್ಟು ಚೆನ್ನಾಗಿ ಕೂತಿದೆ.”

ಪಕೀರಬ್ಬ ಹಸಿರು ಬಳಿದೂ ಆಯಿತು. ಅರ್ಬಾಬ್ ಎದ್ದು ಬಂದು ಸ್ಕ್ರೀನಿಗೆ ಮೂಗು ತಾಗಿಸುವಷ್ಟು ಬಗ್ಗಿದ. “ಗಲ್ಬ್ ಎಲ್ಲಿ ಅಂತ ಕೇಳ್ತಾರೆ,” ಎಂದರು ಪಕೀರಬ್ಬ.

ಚುಕ್ಕೆ ಮಿಡಿಯುತ್ತಿರಲಿಲ್ಲ. ನಾಗಾರ್ಜುನ ಸ್ಕ್ರೀನಿನತ್ತ ಪೂರ್ತಿ ತಿರುಗಿದ. “ಪ್ರೋಬ್ ಸ್ವಲ್ಪ ತಿರುಗ್ಸು, ಮೋಕ್ಷಾ.”

“ತಿರುಗಿಸುವುದು ಎಂತ ಸಾರ್?” ಅವಳು ಎದ್ದು ನಿಂತು ಭುಜದವರೆಗಿನ ಗ್ಲೌಸನ್ನು ಬೆಳಕಿಗೆ ಹಿಡಿದಳು. ಅದರ ಮೇಲೆ ಒಂದು ಕಲೆಯೂ ಇರಲಿಲ್ಲ. “ನಾನಿನ್ನೂ ಕೈಯೇ ಹಾಕ್ಲಿಲ್ಲ. ಅದು ಆಗಿನ ಒಂಟೆಯ ಚಿತ್ರ. ನಾನೇ ನಿಲ್ಲಿಸಿದ್ದು.”

ಅವಳು ಹೇಳಿದ್ದೇನೆಂದು ಅರ್ಬಾಬ್ ಕೇಳಿದ. ಪಕೀರಬ್ಬ ಹಸಿರು ಡಬ್ಬಿಯ ಮುಚ್ಚಳ ಹಾಕತೊಡಗಿದರು.

“ಹೇಳಿ ಪಕೀರಬ್ಬಾಕ. ಹಾಗೆಯೇ ಇದನ್ನೂ ಹೇಳಿ. ರೀಮ್‌ಗೆ ಹಾಗಾದ ದಿನವೂ ಒಳಗಿದ್ದದ್ದು ನನ್ನ ಕೈ ಅಲ್ಲ. ನೀವು ಹಗ್ಗ ಹಿಡ್ಕೊಂಡು ಪಕ್ಕದಲ್ಲೇ ಇದ್ರಿ.”

“ಬೇಡ ಮಗಳೇ. ನಮ್ಮದು ಹೊಟ್ಟೆಪಾಡು.”

“ನನಗೂ ಹೊಟ್ಟೆ ಉಂಟು.”

“ಮೋಕ್ಷಾ,” ನಾಗಾರ್ಜುನ ದನಿ ತಗ್ಗಿಸಿದ. “ಆಮೇಲೆ ಕೂತು ಮಾತಾಡೋಣ. ಪ್ಲೀಸ್ ಕಣಮ್ಮಾ.”

ಆ ಒಂದು ‘ಪ್ಲೀಸ್’ ಕೇಳುವುದಕ್ಕೆ ಅವಳು ಒಂದು ವರ್ಷ ತಟ್ಟೆ ತೊಳೆದಿದ್ದಳು. ಕೇಳಿದ ಮೇಲೆ ಸಿಹಿ ಎನಿಸಿತು, ಸಾಲದು ಎಂದೂ ಎನಿಸಿತು. ಅವಳು ಪಕೀರಬ್ಬರ ಮುಖದಿಂದ ಕಣ್ಣು ತೆಗೆಯಲಿಲ್ಲ. ಮುದುಕರು ಬಣ್ಣದ ಡಬ್ಬಿಯನ್ನು ಕೆಳಗಿಟ್ಟರು. ತಲೆಯ ಮುಂಡಾಸು ಸರಿಮಾಡಿಕೊಂಡರು. ಆಮೇಲೆ ಅರಬ್ಬಿಯಲ್ಲಿ ಶುರುಮಾಡಿದರು, ಬಹಳ ಹೊತ್ತು ಹೇಳಿದರು. ಅವಳಿಗೆ ತಿಳಿದದ್ದು ರೀಮ್ ಎಂಬ ಒಂದೇ ಮಾತು. ನಡುವೆ ಅವರು ನಾಗಾರ್ಜುನನ ಬಲಗೈ ತೋರಿಸಿದರು, ತಪ್ಪು ತಮ್ಮದೂ ಎನ್ನುವಂತೆ ತಮ್ಮ ಬಾಯಿಯ ಮೇಲೂ ಒಮ್ಮೆ ಬೆರಳಿಟ್ಟುಕೊಂಡರು.

ಅರ್ಬಾಬ್ ಕೂಗಾಡಲಿಲ್ಲ. ನಾಗಾರ್ಜುನನ ಜೋಲುವ ಬಲಗೈಯನ್ನೇ ನೋಡುತ್ತಾ ನಿಂತ. ಆಮೇಲೆ ಮೇಜಿನ ಮೇಲಿದ್ದ ಜೆಲ್ ಬಾಟಲಿಯನ್ನು ಅವನ ಎಡಗೈಗೆ ಕೊಟ್ಟು, ಮೋಕ್ಷಾಳ ಕಡೆ ತಿರುಗಿ, “ಯಲ್ಲಾ, ದಕ್ತೂರಾ,” ಎಂದ, ಹ್ಞೂಂ ನಡಿ ಡಾಕ್ಟರಮ್ಮ ಎನ್ನುವಂತೆ.

ಅವಳು ತೋಳು ಚಾಚಿದಳು. ನಾಗಾರ್ಜುನ ಜೆಲ್ ಹಿಂಡಿದ. ಎಡಗೈಗೆ ಅಭ್ಯಾಸವಿಲ್ಲದೆ ಅರ್ಧ ಮರಳಿಗೆ ಬಿತ್ತು. “ಇನ್ನೂ ಸ್ವಲ್ಪ, ಸಾರ್,” ಎಂದಳು. ಅವನು ಹಿಂಡಿದ.

ಮಂಡಿಯೂರಿ ಕೈ ಒಳಗಿಳಿಸಿ ಪೆಡಲ್ ಒತ್ತಿದಳು. ನಿಂತಿದ್ದ ಚಿತ್ರ ಅಳಿಸಿಹೋಗಿ ಸ್ಕ್ರೀನ್ ಅಲುಗಾಡಿತು. ಎಡಕ್ಕೆ ಹುಡುಕಿದಳು, ಬಲಕ್ಕೆ ಹುಡುಕಿದಳು. ಅವಸರವಿರಲಿಲ್ಲ. ರೀಮ್‌ನ ಮಗಳು ಮೆಲುಕು ಹಾಕುತ್ತಾ ಅಲುಗದೆ ಮಲಗಿತ್ತು.

“ಖಾಲಿ,” ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು.

ಪಕೀರಬ್ಬ ಕೆಂಪು ಡಬ್ಬಿಯ ಮುಚ್ಚಳ ತೆಗೆದು ಕಾಯುತ್ತಾ ನಿಂತರು. ನಾಗಾರ್ಜುನ ಎಡಗೈಯಲ್ಲಿ ಒಂದು ಬಟ್ಟೆ ಹಿಡಿದು ಒಂಟೆಯ ಕತ್ತಿನ ಹಸಿರನ್ನು ಒರೆಸುತ್ತಿದ್ದ. ಒರೆಸಿದಷ್ಟೂ ಅದು ಕೂದಲಿಗೆ ಹರಡುತ್ತಿತ್ತು.