ಕ್ಯಾನ್ವಾಸ್ ಕೋಣೆಯ ಅಡೆಲಾ

"ಮೊದಲು ಸಹಿ ಹಾಕಕ್ಕ, ಅಳೋದು ಆಮೇಲೆ ಇದ್ದೇ ಇದೆ," ಎಂದು ಗಿಲ್ಬೆರ್ ಕವುಚಿಟ್ಟ ದೋಣಿಯ ಬೆನ್ನ ಮೇಲೆ ಕಾಗದ ಹರಡಿ ಪೆನ್ನು ಚಾಚಿದ.

ರೊಮೇನ್ ಕಪ್ಪು ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಓದಿದಳು. ಅಡೆಲಾ ಅತ್ತೆಯ ಶವಪೆಟ್ಟಿಗೆ ಆಗಲೇ ಚರ್ಚು ಸೇರಿತ್ತು. ಪೂಜೆಗೆ ಇನ್ನು ಅರ್ಧ ಗಂಟೆ, ಅಷ್ಟರೊಳಗೆ ಇವನಿಗೆ ವ್ಯಾಪಾರ ಮುಗಿಯಬೇಕು. ಮಕ್ಕಳಿಲ್ಲದ ಅತ್ತೆ ದೋಣಿಯನ್ನು ತಮ್ಮನ ಮಕ್ಕಳಿಬ್ಬರಿಗೂ ಬಿಟ್ಟುಹೋಗಿದ್ದಳು. ಇಬ್ಬರ ಸಹಿಯೂ ಬೇಕಿತ್ತು. ಕೊಳ್ಳುವವರು ಸರೋವರದ ದಂಡೆಯ ಹೋಟೆಲಿನ ಮಾಲೀಕ ಪ್ರೆಸ್ಕಾಟ್. ಊಟದ ಹಾಲಿನ ಛಾವಣಿಗೆ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಾರಂತೆ.

"'ಕಾರ್ಖಾನೆಯ ಒಡೆಯ ಟ್ವಿಚೆಲ್ ಸ್ವಂತ ಕೈಯಿಂದ ಕಟ್ಟಿದ ದೋಣಿ.' ಇದನ್ನ ಬರೆದೋರು ಯಾರು?"

"ನಾನೇ. ಹಿತ್ತಾಳೆ ತಗಡಿನ ಮೇಲೆ ಅವರ ಹೆಸರೇ ಇದೆಯಲ್ಲ."

"ಟ್ವಿಚೆಲ್ ಒಂದು ಮೊಳೆ ಹೊಡೆದಿದ್ದನ್ನ ಕಂಡಿದ್ದೀಯಾ ನೀನು?"

"ಯಾರು ಹೊಡೆದ್ರೇನು? ಅವರ ಹೆಸರಿಗೆ ಬೆಲೆ ಇದೆ. ಅತ್ತೆ ಹೆಸರು ಹೇಳಿದ್ರೆ ಅರ್ಧಕ್ಕೂ ಕೇಳಲ್ಲ."

"ಮಾರಬೇಡ ಅಂದ್ನಾ ನಾನು? ಅತ್ತೆ ಹೆಸರು ಬರೆದು ಮಾರು. ಆಗ ಹಾಕ್ತೀನಿ ಸಹಿ."

ಅಂಗಳದಲ್ಲಿ ಪ್ರೆಸ್ಕಾಟ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ಗಿಲ್ಬೆರ್ ಕಾಗದ ಮಡಚಿ ಜೇಬಿಗಿಟ್ಟು, ದೋಣಿಯನ್ನು ಅವರ ಟ್ರೇಲರಿಗೆ ಕಟ್ಟಿಸಿಯೇಬಿಟ್ಟ. ಊಟದ ಹೊತ್ತಿಗೆ ಅಕ್ಕ ಮೆತ್ತಗಾಗುತ್ತಾಳೆ ಎಂಬ ಧೈರ್ಯ ಅವನಿಗೆ.

*

ಅಡೆಲಾ ಟ್ವಿಚೆಲ್ ಕಾರ್ಖಾನೆಯ ಕ್ಯಾನ್ವಾಸ್ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದಳು. ಸೀಡರ್ ಹಲಗೆಯ ದೋಣಿಗೆ ಕ್ಯಾನ್ವಾಸ್ ಎಳೆದು, ಒಂದು ನಿರಿಗೆಯೂ ಬಾರದಂತೆ ಮೊಳೆ ಹೊಡೆಯುವುದು ಅಲ್ಲಿ ಹೆಂಗಸರ ಕೆಲಸ. ಎರಡು ಕೈಯೂ ಸಾಲದು. ಮೊಳೆಗಳನ್ನು ಬಾಯಲ್ಲಿ ತುಂಬಿಕೊಂಡು ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತರಬೇಕು. ಅವಳ ಮುಂದಿನ ಹಲ್ಲು ಸವೆದು ಕಚ್ಚು ಬಿದ್ದಿತ್ತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು.

ಪತ್ರಿಕೆಯವರು ಪಟ ತೆಗೆಯಲು ಬಂದ ದಿನ ಟ್ವಿಚೆಲ್ ಹೊಸ ಏಪ್ರನ್ ಕಟ್ಟಿ, ಅಡೆಲಾಳ ಸುತ್ತಿಗೆಯನ್ನೇ ಇಸಿದುಕೊಂಡ.

"ಹೆಂಗಸರೆಲ್ಲ ಸ್ವಲ್ಪ ಹೊರಗಿರಿ."

ಆ ಸ್ವಲ್ಪ ಎಂದರೆ ಹಿಮದಲ್ಲಿ ಮುಕ್ಕಾಲು ಗಂಟೆ. ಪಟ ಇವತ್ತಿಗೂ ಊರ ಗ್ರಂಥಾಲಯದ ಗೋಡೆಯ ಮೇಲಿದೆ. ಮಹಾನುಭಾವ ಸುತ್ತಿಗೆಯನ್ನು ಅದರ ತಲೆಯ ಬುಡದಲ್ಲೇ ಹಿಡಿದಿದ್ದಾನೆ. ಹಾಗೆ ಹಿಡಿದು ಹೊಡೆದರೆ ಮೊಳೆ ಇಳಿಯುವುದಿಲ್ಲ, ಬೆರಳು ಜಜ್ಜುತ್ತದೆ. ಅದನ್ನು ನೋಡಿದಾಗಲೆಲ್ಲ ರೊಮೇನ್‌ಗೆ ಮೈ ಉರಿಯುತ್ತದೆ.

ಕಾರ್ಖಾನೆ ಮುಚ್ಚಿದಾಗ ಮೂಲೆಗೆ ಬಿದ್ದಿದ್ದ ಈ ಮುರುಕು ದೋಣಿಯನ್ನು ಯಾರೂ ಕೇಳಲಿಲ್ಲ. ಅಡೆಲಾ ಮನೆಗೆ ತಂದಳು. ಹೋದ ಚಳಿಗಾಲ, ಎಂಬತ್ತೊಂದರ ವಯಸ್ಸಿನಲ್ಲಿ, ಹದಿನಾಲ್ಕು ಮರದ ಪಕ್ಕೆಪಟ್ಟಿಗಳನ್ನು ಹಬೆಯಲ್ಲಿ ಬಗ್ಗಿಸಿ ಕೂರಿಸಿ, ಹೊಸ ಕ್ಯಾನ್ವಾಸ್ ಹೊದಿಸಿದಳು. ಬಟ್ಟೆಯ ಇನ್ನೊಂದು ತುದಿ ಹಿಡಿದು ಎಳೆದವಳು ರೊಮೇನ್.

*

"ಟ್ವಿಚೆಲ್ ಅವರ ಕಾರ್ಖಾನೆಯಲ್ಲಿ ಸಹಾಯಕಿಯಾಗಿದ್ದ ನಮ್ಮ ಅಡೆಲಾ..." ಪಾದ್ರಿ ಚೀಟಿ ನೋಡಿಕೊಂಡು ಓದಿದರು. ಚೀಟಿ ಬರೆದುಕೊಟ್ಟವನು ಗಿಲ್ಬೆರ್.

"ಯಾರಿಗೆ ಸಹಾಯ ಮಾಡಿದ್ಲಂತೆ?" ಅಡೆಲಾಳ ಪಕ್ಕದ ಮೇಜಿನಲ್ಲೇ ಕೆಲಸ ಮಾಡಿದ ಫಿಲೊಮೆನ್ ಅಜ್ಜಿ ಕೇಳಿದಳು. ಕಿವಿ ಮಂದವಾದ್ದರಿಂದ ಅವಳ ಪಿಸುಮಾತು ಇಡೀ ಚರ್ಚಿಗೆ ಕೇಳಿಸಿತು. ಪಾದ್ರಿ ಕೆಮ್ಮಿ ಮುಂದಕ್ಕೆ ಹೋದರು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹಾಲಿನಲ್ಲಿ ಕೋಳಿ ಸಾರು, ಬಕ್‌ವೀಟ್ ಹಿಟ್ಟಿನ ದೋಸೆ. ಪ್ರೆಸ್ಕಾಟ್ ತಟ್ಟೆ ಹಿಡಿದು ಕ್ಯಾನ್ವಾಸ್ ಕೋಣೆಯ ಮುದುಕಿಯರ ಮೇಜಿಗೆ ಬಂದರು.

"ಟ್ವಿಚೆಲ್ ಜೊತೆ ಕೆಲಸ ಮಾಡಿದ್ರಂತೆ. ಎಂಥಾ ಕೈ ಇರಬೇಕು ಅವರದ್ದು, ಅಲ್ವಾ?"

"ಹೌದು ಸ್ವಾಮಿ, ತುಂಬಾ ಮೆತ್ತಗಿತ್ತು," ಎಂದಳು ಫಿಲೊಮೆನ್.

ಗಿಲ್ಬೆರ್ ಜೇಬಿನಿಂದ ಕಾಗದ ತೆಗೆದು ಅದೇ ಮೇಜಿನಲ್ಲಿದ್ದ ರೊಮೇನ್‌ಳ ತಟ್ಟೆಯ ಪಕ್ಕ ಇಟ್ಟ. "ಅಕ್ಕ, ಸಾಕು ಮಾಡು. ಜನ ನೋಡ್ತಿದ್ದಾರೆ."

"ನೋಡ್ಲಿ. ಪ್ರೆಸ್ಕಾಟ್ ಅವರೇ, ಇದು ಸುಳ್ಳು ಕಾಗದ. ಆ ದೋಣಿಗೆ ಮೊದಲು ಕ್ಯಾನ್ವಾಸ್ ಹಾಕಿದ್ದೂ ನಮ್ಮತ್ತೆ, ಕೊನೇಲಿ ಹಾಕಿದ್ದೂ ನಮ್ಮತ್ತೆ."

ಪ್ರೆಸ್ಕಾಟರ ಮುಖ ಸಣ್ಣದಾಯಿತು. "ತಗಡಿನ ಮೇಲಿರೋದನ್ನ ನಂಬಲೋ, ನಿಮ್ಮ ಮಾತನ್ನೋ?"

"ಎರಡೂ ಬೇಡ. ಬನ್ನಿ."

ಅವಳು ರೊಟ್ಟಿ ಕೊಯ್ಯುವ ಚಾಕು ತೆಗೆದುಕೊಂಡು ಹೊರಗೆ ನಡೆದಳು. ಟ್ರೇಲರಿನ ಮೇಲೆ ದೋಣಿ ಹಸಿರು ಬಣ್ಣದಲ್ಲಿ ಮಿರಿಮಿರಿ ಹೊಳೆಯುತ್ತಿತ್ತು. ಗಿಲ್ಬೆರ್ ಓಡಿಬರುವಷ್ಟರಲ್ಲಿ ಅವಳು ಅದರ ಮಗ್ಗುಲಲ್ಲಿ ಒಂದು ಮೊಳದುದ್ದ ಕ್ಯಾನ್ವಾಸನ್ನು ಸೀಳಿ, ಅಂಚನ್ನು ಮೇಲಕ್ಕೆತ್ತಿ ಹಿಡಿದಿದ್ದಳು.

ಪ್ರೆಸ್ಕಾಟ್ ಬಗ್ಗಿ ಓದಿದರು. ಸೀಡರ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ, ದುಂಡಗೆ: "ಅಡೆಲಾ ಮಿಶೋ, ಮಾರ್ಚ್ ೧೯೬೨." ಅದರ ಕೆಳಗೆ ಅದೇ ಕೈ, ಸ್ವಲ್ಪ ನಡುಗಿದ ಅಕ್ಷರದಲ್ಲಿ, ಹೋದ ಫೆಬ್ರವರಿಯ ತಾರೀಖು.

"ಬಟ್ಟೆ ಮುಚ್ಚೋ ಮುಂಚೆ ಎಲ್ರೂ ಬರೀತಿದ್ವಿ," ಎಂದಳು ಹಿಂದೆಯೇ ಬಂದಿದ್ದ ಫಿಲೊಮೆನ್. "ಆ ಮನುಷ್ಯನಿಗೆ ಗೊತ್ತಾಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದ."

"ಹಾಳು ಮಾಡಿದ್ಯಲ್ಲೇ," ಎಂದು ಗಿಲ್ಬೆರ್ ಸೀಳಿದ ಬಟ್ಟೆಯನ್ನು ಎರಡೂ ಕೈಯಿಂದ ಹಲಗೆಗೆ ಒತ್ತಿ ಹಿಡಿದ.

"ಕೈ ತೆಗಿಯಪ್ಪ." ಫಿಲೊಮೆನ್ ತನ್ನ ಊರುಗೋಲನ್ನು ಅವನಿಗೆ ಹಿಡಿಯಲು ಕೊಟ್ಟು, ರೊಮೇನ್‌ಳ ಕೈಯಿಂದ ಚಾಕು ಇಸಿದುಕೊಂಡಳು. "ನನ್ನ ಹೆಸರು ಇನ್ನೂ ಮುಂದಕ್ಕಿದೆ."

ಅವಳು ಸೀಳನ್ನು ದೋಣಿಯ ಮೂತಿಯ ಕಡೆಗೆ ನಿಧಾನವಾಗಿ ಎಳೆಯುತ್ತ ಹೋದಳು. ಕಪ್ಪು ಬಟ್ಟೆ ತೊಟ್ಟ, ಅದೇ ಕೋಣೆಯಲ್ಲಿ ದುಡಿದ ಇನ್ನೂ ಮೂವರು ಮುದುಕಿಯರು ಕನ್ನಡಕ ಒರೆಸಿಕೊಳ್ಳುತ್ತ ಅವಳ ಹಿಂದೆ ಸಾಲಾಗಿ ನಿಂತರು.